ಒಂದು ಬೊಗಸೆ ಗಾಳಿ

ಬೇಸಿಗೆಯ ರಜ ಬಂತೆಂದರೆ ಹೈದರಾಬಾದಿನ ನಮ್ಮ ಕನ್ನಡದ ಸಂಸಾರಗಳಲ್ಲಿ ಕೆಲವು ಜಹೀರಾಬಾದಿನ ಮೇಲೆ ಬೀದರಿನ ಕಡೆಗೂ, ಕೆಲವು ಕರ್ನೂಲಿನ ಮೇಲೆ ಬೆಂಗಳೂರಿನ ಕಡೆಗೂ ಹೊರಡುವುದು ವಾಡಿಕೆ. ಸ್ವಂತ ಕಾರಿನಲ್ಲಿ ಹೊರಡುವವರಿಗೆ ಈ ಸಲದ ಮಾತು.

ಹೋದ ಮೇ ತಿಂಗಳಲ್ಲಿ ನಾವೂ ಹೊರಟೆವು. ನನ್ನದು 2008ರ ಮಾರುತಿ 800. ಹಿಂದಿನ ಸಂಜೆ ಮಿಸ್ತ್ರಿಯೊಬ್ಬ ರೇಡಿಯೇಟರಿನ ಹಳೆಯ ಹೋಸ್ ಬದಲಿಸಿ, ಹೊಸ ಕೂಲೆಂಟನ್ನು ಬಾಯಿತನಕ ಸುರಿದು, ಮುಚ್ಚಳ ಬಿಗಿದು, "ಲೇ ಜಾವ್ ಸಾಬ್" ಎಂದಿದ್ದ. ಜಡ್ಚರ್ಲ ದಾಟುತ್ತಲೇ ಬಾನೆಟ್ಟಿನಿಂದ ಹಬೆ! ಸೋಜಿಗವೆಂದರೆ, ಬಿಸಿ ತೋರಿಸುವ ಮುಳ್ಳು ಅದುವರೆಗೂ ಕೆಳಗೇ ಮಲಗಿತ್ತು. ಹೆಡ್ ಗ್ಯಾಸ್ಕೆಟ್ ಸುಟ್ಟುಹೋಗಿತ್ತು. ಮರುದಿನ ಊರಿನಲ್ಲಿ ತಂದೆಯವರ ಶ್ರಾದ್ಧ. ಅಮ್ಮನನ್ನು ಕರೆದುಕೊಂಡು ಸಿಕ್ಕ ಬಸ್ಸು ಹಿಡಿದು ಮನೆ ಸೇರುವ ಹೊತ್ತಿಗೆ ತಮ್ಮನೇ ಪಿಂಡ ಇಟ್ಟಾಗಿತ್ತು.

ಇಷ್ಟಕ್ಕೂ ಕಾರಣ ಇಂಜಿನ್ನಿನೊಳಗೆ ಸಿಕ್ಕಿಬಿದ್ದ ಒಂದು ಬೊಗಸೆ ಗಾಳಿ. ಬಿಂದಿಗೆಯನ್ನು ಬೋರಲು ಹಾಕಿ ಹೊಳೆಯಲ್ಲಿ ಅದುಮಿದರೆ ನೀರು ತುಂಬುವುದೇ? ಓರೆ ಮಾಡಬೇಕು, ಗಾಳಿ ಗುಳುಗುಳು ಎಂದು ಮೇಲೆ ಹೋಗಬೇಕು. ಇಂಜಿನ್ನಿನ ಕೊಳವೆಗಳ ಡೊಂಕುಗಳಲ್ಲಿಯೂ ಗಾಳಿ ಹಾಗೆಯೇ ಕೂರುತ್ತದೆ. ಪಂಪಿನ ರೆಕ್ಕೆಗಳು ನೀರನ್ನು ತಳ್ಳಬಲ್ಲವೇ ಹೊರತು ಗಾಳಿಯನ್ನಲ್ಲ. ಥರ್ಮೋಸ್ಟಾಟ್ ಎಂಬ ಬಾಗಿಲು ಸಾಮಾನ್ಯವಾಗಿ 82ರಿಂದ 90 ಡಿಗ್ರಿಯ ಬಿಸಿನೀರು ತಗಲಿದರೆ ತೆರೆಯುವಂಥದು; ಸುತ್ತ ಗಾಳಿಯೇ ಇದ್ದರೆ ಅದು ಹೊತ್ತಿಗೆ ಸರಿಯಾಗಿ ತೆರೆಯದು. ಮುಳ್ಳಿಗೆ ಸುದ್ದಿ ಮುಟ್ಟಿಸುವ ಸಾಧನವೂ ನೀರಿನಲ್ಲಿ ಮುಳುಗಿದ್ದರೆ ಮಾತ್ರ ಸತ್ಯ ಹೇಳುತ್ತದೆ. ನಮ್ಮ ಕಚೇರಿಯ ಹಾಜರಿ ಪುಸ್ತಕದಂತೆ: ರುಜು ಇದೆ, ಮನುಷ್ಯನಿಲ್ಲ.

ಆಮೇಲೆ ಒಬ್ಬ ಹಿರಿಯ ಮಿಸ್ತ್ರಿ ಕೆಲಸ ತೋರಿಸಿಕೊಟ್ಟರು. ಇಂಜಿನ್ ಪೂರಾ ತಣ್ಣಗಿರಬೇಕು. ಬಿಸಿಯಿರುವಾಗ ಮುಚ್ಚಳ ತೆಗೆಯುವುದೆಂದರೆ ಕೂಗುತ್ತಿರುವ ಕುಕ್ಕರಿನ ಮುಚ್ಚಳ ಕಿತ್ತಂತೆ. ಬಯಲಿನಲ್ಲಿ, ಕಾರಿನ ಮೂತಿ ಮೇಲಾಗುವಂತೆ ಏರಿನಲ್ಲಿ ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಎಳೆದು, ಹಿಂದಿನ ಗಾಲಿಗೆ ಕಲ್ಲು ಕೊಡಬೇಕು. ಬಂಜಾರಾ ಹಿಲ್ಸ್ ಇರುವ ಊರಿನಲ್ಲಿ ಏರಿಗೇನು ಬರ! ಆಗ ರೇಡಿಯೇಟರಿನ ಬಾಯಿ ಎಲ್ಲಕ್ಕಿಂತ ಎತ್ತರದಲ್ಲಿರುತ್ತದೆ. ಹೀಟರನ್ನು ಪೂರ್ತಿ ಬಿಸಿಗೆ ತಿರುಗಿಸಿಡಬೇಕು. ಅದರೊಳಗಿನ ಪುಟ್ಟ ರೇಡಿಯೇಟರಿನಲ್ಲಿಯೂ ಗಾಳಿ ಅವಿತಿರುತ್ತದೆ. (ಮೇ ತಿಂಗಳ ಹೈದರಾಬಾದಿನಲ್ಲಿ ಹೀಟರ್ ತಿರುಗಿಸುವವನನ್ನು ನೆರೆಯವರು ಏನೆಂದಾರೋ!) ಕೂಲೆಂಟನ್ನು ನಿಧಾನವಾಗಿ ಹೊಯ್ದು, ಮೇಲಿನ ಹೋಸನ್ನು ಹಿಂಡಿ ಹಿಂಡಿ ಬಿಡಬೇಕು. ಗಾಳಿ ಬಿಡುವ ತಿರುಪು ಇರುವ ಗಾಡಿಗಳಲ್ಲಿ ಗುಳ್ಳೆ ನಿಂತು ನೀರು ಬರುವ ತನಕ ಅದನ್ನು ಸಡಿಲಿಸಿಡುವುದುಂಟು.

ತರುವಾಯ ಮುಚ್ಚಳ ಹಾಕದೆಯೇ ಇಂಜಿನ್ ಚಾಲೂ ಮಾಡಿ ಕಾಯಬೇಕು. ಫ್ಯಾನು ತಾನಾಗಿ ತಿರುಗೀತು, ಕೈ ದೂರವಿರಲಿ. ಥರ್ಮೋಸ್ಟಾಟ್ ತೆರೆದೊಡನೆ ಗುಳ್ಳೆಗಳು ಬಂದು ನೀರು ಇಳಿಯುತ್ತದೆ, ಇಳಿದಷ್ಟು ತುಂಬಬೇಕು. ಹೀಟರಿನಿಂದ ಬಿಸಿಗಾಳಿ ಬಂತೆಂದರೆ ಅಲ್ಲಿಯೂ ನೀರು ಓಡುತ್ತಿದೆ ಎಂದರ್ಥ. ಆ ಬಳಿಕ ಮುಚ್ಚಳ.

ಕೂಲೆಂಟಿಗೆ ಬೋರ್‌ವೆಲ್ ನೀರು ಬೆರೆಸಬೇಡಿ, ಸುಣ್ಣ ಕಟ್ಟುತ್ತದೆ. ಬಟ್ಟಿ ಇಳಿಸಿದ ನೀರೇ ಬೇಕು. ಚೆಲ್ಲಿದ್ದನ್ನು ಒಡನೆ ಒರೆಸಿ: ಸಿಹಿಯಾದ ವಿಷ ಅದು, ಮಕ್ಕಳೂ ನಾಯಿಗಳೂ ನೆಕ್ಕಬಾರದು.

ಈ ವರ್ಷ ನಾನೇ ತುಂಬಿದೆ. ಮರುದಿನ ಬೆಳಿಗ್ಗೆ ತಣ್ಣಗಾದ ಮೇಲೆ ಮುಚ್ಚಳ ತೆಗೆದು ನೋಡಿದರೆ ಮುಕ್ಕಾಲು ಲೋಟದಷ್ಟು ಇಳಿದಿತ್ತು. ಅದನ್ನೂ ತುಂಬಿ, ಅಮ್ಮನನ್ನು ಕೂರಿಸಿಕೊಂಡು, ತಿಥಿಗೆ ಎರಡು ದಿನ ಮುಂಚೆಯೇ ಹೊರಟೆ.