ಗಂಟೆಗೆ ಎಷ್ಟು ಬಾಡಿಗೆ?

ಬೈಂದೂರು ಕಡೆಯ ನನ್ನ ಹಳೆಯ ವಿದ್ಯಾರ್ಥಿಯೊಬ್ಬ 2023ರಲ್ಲಿ ದುಬೈಗೆ ಕೆಲಸಕ್ಕೆ ಹೊರಟಾಗ ಮನೆಗೆ ಬಂದಿದ್ದ. “ಮಾಷ್ಟ್ರೇ, ಹೆಂಡತಿ, ಮಗಳನ್ನೂ ಕರೆದುಕೊಂಡು ಹೋಗುತ್ತೇನೆ. ಮನೆ ಎಲ್ಲಿ ಮಾಡುವುದು?” ಎಂದು ಕೇಳಿದ. ನಾನು ಯೋಚಿಸದೆ ಹೇಳಿಬಿಟ್ಟೆ: “ಪಕ್ಕದ ಶಾರ್ಜಾದಲ್ಲಿ ಬಾಡಿಗೆ ಕಡಿಮೆಯಂತೆ. ಅಲ್ಲೇ ಮಾಡು, ನಾಲ್ಕು ಕಾಸು ಉಳಿಯುತ್ತದೆ.” ಅವನು ಹಾಗೆಯೇ ಮಾಡಿದ.

ಮರುವರ್ಷ ಜುಲೈಯಲ್ಲಿ, ಅಲ್ಲಿನ ಶಾಲೆಗಳಿಗೆ ಬೇಸಿಗೆ ರಜೆ. ಇಲ್ಲಿ ಜಡಿಮಳೆ. ಮಗಳನ್ನು ಕರೆದುಕೊಂಡು ಬಂದ. “ಅಪ್ಪ ಏನು ಆಟ ಆಡಿಸುತ್ತಾರೆ ಮಗಾ?” ಎಂದು ಕೇಳಿದೆ. “ನಾನ್ ಏಳುವತಿಗೆ ಅಪ್ಪಯ್ಯ ಹೋಯಿರ್ತ್ರ್, ಅವ್ರ್ ಬಪ್ಪತಿಗೆ ನಾನ್ ಮನಿಕಂಡಿರ್ತೆ” ಎಂದಿತು ಮಗು. ಅವನು ತಲೆ ತಗ್ಗಿಸಿದ. ತಗ್ಗಿಸಬೇಕಾದದ್ದು ನಾನು.

ಆ ಮೇಲೆ ಇಬ್ಬರೂ ಕುಳಿತು ಲೆಕ್ಕ ಹಾಕಿದೆವು. ಶಾರ್ಜಾದಿಂದ ದುಬೈಗೆ ದೂರ ಹೆಚ್ಚಿಲ್ಲ, ದಟ್ಟಣೆ ಹೆಚ್ಚು. ದುಬೈಯಲ್ಲಿ 2009ರಿಂದ ಮೆಟ್ರೋ ಓಡುತ್ತಿದೆ, ಆದರೆ ಅದು ಶಾರ್ಜಾಕ್ಕೆ ಹೋಗುವುದಿಲ್ಲ. ಅವನಿಗೆ ಹೋಗಲು ಒಂದೂವರೆ ಗಂಟೆ, ಬರಲು ಒಂದೂವರೆ ಗಂಟೆ. ದಿನಕ್ಕೆ 3, ತಿಂಗಳ 22 ಕೆಲಸದ ದಿನಗಳಿಗೆ 66 ಗಂಟೆ. ಅಂದರೆ ತಿಂಗಳಲ್ಲಿ ಎಂಟು ದಿನಕ್ಕೂ ಮಿಕ್ಕ ದುಡಿಮೆ, ಸಂಬಳವಿಲ್ಲದೆ. ಬಾಡಿಗೆಯಲ್ಲಿ 1,320 ದಿರ್ಹಂ ಉಳಿಯಿತು ಎಂದಿಟ್ಟುಕೊಳ್ಳಿ. ಅದನ್ನು 66ರಿಂದ ಭಾಗಿಸಿದರೆ ಗಂಟೆಗೆ 20 ದಿರ್ಹಂ. ಪ್ರಯಾಣದ ಖರ್ಚು ಕಳೆದರೆ ಇನ್ನೂ ಕಡಿಮೆ. ಮಗಳ ಜೊತೆ ಕಳೆಯಬೇಕಾದ ಒಂದೊಂದು ಗಂಟೆಯನ್ನೂ ಅವನು ಆ ಬೆಲೆಗೆ ಮಾರಿದ್ದ.

ಇನ್ನೊಂದು ತೊಡಕೂ ಇತ್ತು. 2022ರಿಂದ ಶಾರ್ಜಾದ ಶಾಲೆಗಳಿಗೆ ಶುಕ್ರವಾರದಿಂದ ಭಾನುವಾರದವರೆಗೆ ಮೂರು ದಿನ ರಜೆ. ಇವನ ಕಚೇರಿಗೆ ಶುಕ್ರವಾರವೂ ಕೆಲಸ. ಒಂದೇ ಮನೆ, ಎರಡು ಪಂಚಾಂಗ!

ಕುಂದಾಪುರ, ಬ್ರಹ್ಮಾವರ ಕಡೆಯಿಂದ ಕೊಲ್ಲಿ ದೇಶಕ್ಕೆ ಹೊರಡುವವರು ಈಗಲೂ ಕೇಳುವುದು ಎರಡೇ ಪ್ರಶ್ನೆ: ಬಾಡಿಗೆ ಎಷ್ಟು, ನಮ್ಮೂರಿನವರು ಯಾರಿದ್ದಾರೆ? ಎರಡೂ ಬೇಕಾದ ಪ್ರಶ್ನೆಗಳೇ. ಕರಾಮ, ಬರ್ ದುಬೈ, ದೇರಾ, ಅಲ್ ಕುಸೈಸ್‌ಗಳಲ್ಲಿ ಕುಚ್ಚಲಕ್ಕಿಯೂ ಸಿಗುತ್ತದೆ, ಕಷ್ಟಕಾಲಕ್ಕೆ ಜನವೂ ಸಿಗುತ್ತಾರೆ. ಆದರೆ ಕೇಳಬೇಕಾದ ಕ್ರಮ ಬೇರೆ. ಮೊದಲು ಮಗುವಿಗೆ ಶಾಲೆಯಲ್ಲಿ ಸೀಟು ಎಲ್ಲಿದೆ? ಆಮೇಲೆ ಕಚೇರಿ ಎಲ್ಲಿದೆ? ಈ ಎರಡರ ನಡುವೆ ಮೆಟ್ರೋ ನಿಲ್ದಾಣಕ್ಕೆ ನಡೆಯುವಷ್ಟು ಹತ್ತಿರ ಮನೆ ಸಿಕ್ಕೀತೇ? ಬಾಡಿಗೆಯ ಮಾತು ಆಮೇಲೆ. ಅದರಲ್ಲೂ ದುಬೈಯಲ್ಲಿ ವರ್ಷದ ಬಾಡಿಗೆಯ ಶೇ. 5ರಷ್ಟು ಶುಲ್ಕ ಕರೆಂಟು-ನೀರಿನ ಬಿಲ್ಲಿನ ಜೊತೆಗೆ ತಿಂಗಳು ತಿಂಗಳು ಬರುತ್ತದೆ. ಅದನ್ನೂ ಸೇರಿಸಿಯೇ ಹೋಲಿಸಬೇಕು.

ಮನೆ ನೋಡುವಾಗ ವಿಜ್ಞಾನವೂ ಸ್ವಲ್ಪ ನೆನಪಿರಲಿ. ನಮ್ಮೂರಿನಲ್ಲಿ ಸೂರ್ಯ ವರ್ಷಕ್ಕೆರಡು ಬಾರಿ ಸರಿಯಾಗಿ ನೆತ್ತಿಯ ಮೇಲೆ ಬರುತ್ತಾನೆ. ದುಬೈ ಇರುವುದು ಕರ್ಕಾಟಕ ಸಂಕ್ರಾಂತಿ ವೃತ್ತದ ಉತ್ತರಕ್ಕೆ, ಅಲ್ಲಿ ಒಮ್ಮೆಯೂ ಬರುವುದಿಲ್ಲ. ಆದರೂ ಜೂನ್‌ನಲ್ಲಿ ನೆತ್ತಿಗೆ ತೀರ ಹತ್ತಿರ ಬರುತ್ತಾನೆ. ಆಗ ಮಧ್ಯಾಹ್ನದ ಬಿಸಿಲು ಮಾಡಿಗೆ, ಸಂಜೆಯ ಓರೆ ಬಿಸಿಲು ಪಶ್ಚಿಮದ ಗೋಡೆಗೆ. ಹಗಲು ಕಾದ ಕಾಂಕ್ರೀಟು ಆ ಶಾಖವನ್ನು ರಾತ್ರಿ ಒಳಕ್ಕೆ ಬಿಡುತ್ತದೆ, ಎ.ಸಿ. ಬಿಲ್ಲು ಏರುತ್ತದೆ. ಆದ್ದರಿಂದ ಮೇಲ್ಮಹಡಿ, ಪಶ್ಚಿಮದ ಕಿಟಕಿ ಎರಡೂ ಸೇರಿದ ಮನೆ ಬೇಡ. ಮರುಭೂಮಿಯೆಂದರೆ ಒಣ ಸೆಕೆ ಎಂದೂ ತಿಳಿಯಬೇಡಿ. ಅದು ಕಡಲತಡಿಯ ಊರು. ಗಾಳಿಯಲ್ಲಿ ತೇವ ತುಂಬಿದಾಗ ಬೆವರು ಆರುವುದಿಲ್ಲ, ಮೈ ತಣಿಯುವುದಿಲ್ಲ. ನಕ್ಷೆಯಲ್ಲಿ ಹತ್ತು ನಿಮಿಷದ ನಡಿಗೆ ಆಗಸ್ಟ್‌ನಲ್ಲಿ ಮಗುವಿಗೆ ದೊಡ್ಡ ಶಿಕ್ಷೆ.

ತಗ್ಗು ಜಾಗವನ್ನೂ ವಿಚಾರಿಸಿ. ಮರುಭೂಮಿಯಲ್ಲಿ ನೆರೆಯೇ ಎಂದು ನಗಬೇಡಿ. 2024ರ ಏಪ್ರಿಲ್ 16ರಂದು ದುಬೈಯಲ್ಲಿ ಒಂದೇ ದಿನ ಸುಮಾರು ಒಂದೂವರೆ ವರ್ಷದ ಮಳೆ ಸುರಿಯಿತು. ಅಲ್ ಐನ್ ಪ್ರದೇಶದ ಒಂದು ಕಡೆ 24 ಗಂಟೆಯೊಳಗೆ 254 ಮಿ.ಮೀ. ದಾಖಲಾಯಿತು. ಅಂಥ ಮಳೆ ನಮಗೆ ಹೊಸತಲ್ಲ, ನಮ್ಮಲ್ಲಿ ತೋಡು, ಹೊಳೆಗಳಿವೆ. ಅಲ್ಲಿ ನೀರಿಗೆ ಹರಿಯಲು ದಾರಿಯಿಲ್ಲ. ಶಾರ್ಜಾದ ತಗ್ಗು ಬೀದಿಗಳಲ್ಲಿ ಅದು ದಿನಗಟ್ಟಲೆ ನಿಂತಿತು. ನನ್ನ ವಿದ್ಯಾರ್ಥಿಯ ಬೀದಿಯೂ ಅವುಗಳಲ್ಲೊಂದು.

ಶಾರ್ಜಾ ಕೆಟ್ಟ ಊರೆಂದು ಇದರ ಅರ್ಥವಲ್ಲ. ಕೆಲಸ ಅಲ್ಲೇ ಇದ್ದವನಿಗೆ ಅದೇ ಸರಿಯಾದ ಊರು. ಇವನ ಕೆಲಸ ಅಲ್ಲಿರಲಿಲ್ಲ, ಅಷ್ಟೆ.

ಬಾಡಿಗೆಯ ಕರಾರು ಮುಗಿಯುವವರೆಗೆ ಕಾದು, 2025ರ ಏಪ್ರಿಲ್‌ನಲ್ಲಿ ಹೊಸ ಶಾಲಾ ವರ್ಷಕ್ಕೆ ಸರಿಯಾಗಿ ಅವನು ಅಲ್ ಕುಸೈಸ್‌ಗೆ ಮನೆ ಬದಲಿಸಿದ. ಮನೆ ಚಿಕ್ಕದು, ಬಾಡಿಗೆ ಜಾಸ್ತಿ. ಊರಿನಲ್ಲಿ ಕಟ್ಟುತ್ತಿರುವ ಮನೆಯ ತಾರಸಿ ಒಂದು ವರ್ಷ ಮುಂದಕ್ಕೆ ಹೋಯಿತು. ಅವನ ತಂದೆಗೆ ಬೇಸರ. ನನ್ನ ಎದುರೇ ಹೇಳಿದರು, ನಾನು ಸುಮ್ಮನಿದ್ದೆ. ಮೊನ್ನೆ ರಾತ್ರಿ ಫೋನ್ ಮಾಡಿದಾಗ ಹಿಂದಿನಿಂದ ಮಗಳು ಮಗ್ಗಿ ಒಪ್ಪಿಸುವುದು ಕೇಳಿಸುತ್ತಿತ್ತು. ಹದಿನೇಳರ ಮಗ್ಗಿಯಲ್ಲಿ ತಪ್ಪಿದಳು. ಅಪ್ಪ ತಿದ್ದಿದ.

ವಿದ್ಯಾರ್ಥಿಗಳೇ, ಈ ವಾರ ನಿಮಗೊಂದು ಲೆಕ್ಕ. ನಿಮ್ಮ ಮನೆಯವರು ದಿನಕ್ಕೆ ಎಷ್ಟು ಗಂಟೆ ದಾರಿಯಲ್ಲಿ ಕಳೆಯುತ್ತಾರೆ? 22ರಿಂದ ಗುಣಿಸಿ, ಅಪ್ಪ ಅಮ್ಮನಿಗೆ ತೋರಿಸಿ. ಉತ್ತರ ನನಗೆ ಕಳುಹಿಸಬೇಕಾಗಿಲ್ಲ.