ಎತ್ತಿನ ಹಲ್ಲೂ ಕಂಪ್ಯೂಟರಿನ ಒಡಲೂ

— ಅಂತಿಮ ಬಿ.ಎ. ವಿದ್ಯಾರ್ಥಿನಿ

ದನದ ಜಾತ್ರೆಗೆ ಹೋದ ರೈತನು ಎತ್ತಿನ ಬಣ್ಣವನ್ನು ನೋಡಿ ಹಣ ಎಣಿಸುವುದಿಲ್ಲ. ಬಾಯಿ ತೆರೆಸಿ ಹಲ್ಲು ನೋಡುತ್ತಾನೆ, ಸುಳಿ ನೋಡುತ್ತಾನೆ, ನಾಲ್ಕು ಹೆಜ್ಜೆ ನಡೆಯಿಸಿ ಗೊರಸು ನೋಡುತ್ತಾನೆ. ಎಲ್ಲಕ್ಕಿಂತ ಮೊದಲು, ಮನೆಯಲ್ಲಿರುವ ಒಂಟಿ ಎತ್ತಿನ ಎತ್ತರವೆಷ್ಟು, ಅದರ ನಡಿಗೆ ಎಂಥದು ಎಂಬುದನ್ನು ಮನಸ್ಸಿನಲ್ಲಿಟ್ಟುಕೊಂಡೇ ಜಾತ್ರೆಗೆ ಹೊರಟಿರುತ್ತಾನೆ. ಜೋಡಿ ಹೊಂದದಿದ್ದರೆ ಎಷ್ಟು ಒಳ್ಳೆಯ ಎತ್ತಾದರೂ ನೇಗಿಲು ನೆಟ್ಟಗೆ ಸಾಗದೆಂಬುದು ಅವನಿಗೆ ಗೊತ್ತು. ಈ ವಿವೇಕವನ್ನು ಅವನು ಯಾವ ಕಾಲೇಜಿನಲ್ಲಿಯೂ ಕಲಿತವನಲ್ಲ.

ಆ ರೈತನ ಮಕ್ಕಳು ಇಂದು ಕಾಲೇಜಿಗೆ ಬಂದಿದ್ದಾರೆ. ಅವರಲ್ಲಿ ನಾನೂ ಒಬ್ಬಳು. ನಮ್ಮ ಮನೆತನದಲ್ಲಿ ಪದವಿ ತರಗತಿಯ ಮೆಟ್ಟಿಲನ್ನು ನನಗಿಂತ ಮೊದಲು ಹತ್ತಿದವರು ಯಾರೂ ಇಲ್ಲ. ಆದರೆ ಹಳೆಯ ಕಂಪ್ಯೂಟರಿಗೆ ಹೊಸ ಭಾಗವನ್ನು ಕೊಳ್ಳುವ ಪ್ರಸಂಗ ಬಂದಾಗ ನಮ್ಮ ವಿದ್ಯಾರ್ಥಿಗಳಲ್ಲಿ ಅನೇಕರು ತಂದೆಯ ಆ ವಿವೇಕವನ್ನು ಮನೆಯಲ್ಲಿಯೇ ಬಿಟ್ಟು ಅಂಗಡಿಗೆ ಹೋಗುತ್ತಾರೆ. ಯಂತ್ರದೊಳಗೆ ಏನಿದೆಯೆಂದು ತಿಳಿಯದೆ ಅದಕ್ಕಾಗಿ ಒಂದು ರೂಪಾಯಿಯನ್ನೂ ವೆಚ್ಚ ಮಾಡಕೂಡದೆಂಬುದು ನನ್ನ ದೃಢವಾದ ಅಭಿಪ್ರಾಯ. ಅದನ್ನು ಸಹಪಾಠಿಗಳ ಮುಂದಿಡುವುದೇ ಈ ಲೇಖನದ ಉದ್ದೇಶ.

ಸರಕಾರಿ ಕಲಾ ಕಾಲೇಜಿನಲ್ಲಿ ಓದುವ ನಮ್ಮಲ್ಲಿ ಹೊಸ ಕಂಪ್ಯೂಟರನ್ನು ಕೊಳ್ಳಬಲ್ಲವರು ವಿರಳ. ಯಾವುದೋ ಕಚೇರಿಯಿಂದ ಹೊರಬಿದ್ದ ಯಂತ್ರ, ನೆಂಟರ ಮನೆಯಲ್ಲಿ ಮೂಲೆ ಸೇರಿದ್ದ ಯಂತ್ರ, ಇಲ್ಲವೇ ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ತಂದ ಎರಡನೆಯ ಕೈಯ ಯಂತ್ರ, ಇವೇ ನಮ್ಮ ಪಾಲಿನವು. ನುಡಿ ತಂತ್ರಾಂಶದಲ್ಲಿ ಪ್ರಬಂಧ ಬರೆಯಲು, ವಿದ್ಯಾರ್ಥಿವೇತನದ ಅರ್ಜಿ ತುಂಬಲು, ಸ್ಪರ್ಧಾತ್ಮಕ ಪರೀಕ್ಷೆಗೆ ಓದಲು ಇವು ಸಾಕು. ಆದರೆ ವಯಸ್ಸಾದ ಯಂತ್ರ ಏದುಸಿರು ಬಿಡತೊಡಗುತ್ತದೆ. ಆಗ "ರ್‍ಯಾಮ್ ಹಾಕಿಸು, ಸರಿಹೋಗುತ್ತದೆ" ಎಂದು ಯಾರೋ ಹೇಳುತ್ತಾರೆ. ತಾಯಿಯ ಸ್ವಸಹಾಯ ಸಂಘದ ಸಾಲದಲ್ಲಿ ಒಂದು ಪಾಲು ಅಂಗಡಿಯ ಗಲ್ಲಾಪೆಟ್ಟಿಗೆಯನ್ನು ಸೇರುತ್ತದೆ.

ನಮ್ಮ ವಿದ್ಯಾರ್ಥಿನಿಲಯದ ಗೆಳತಿಯೊಬ್ಬಳು ಹೀಗೆಯೇ ತಂದ ರ್‍ಯಾಮ್ ಅವಳ ಯಂತ್ರದ ಕಿಂಡಿಯಲ್ಲಿ ಕೂರಲೇ ಇಲ್ಲ. ಅವಳದು ಡಿ.ಡಿ.ಆರ್.3 ಜಾತಿಯ ಯಂತ್ರ, ತಂದದ್ದು ಡಿ.ಡಿ.ಆರ್.4. ಮೇಜಿನ ಕಂಪ್ಯೂಟರಿನ ಮೊದಲನೆಯ ಜಾತಿಗೆ 240 ಕಾಲುಗಳು, ಎರಡನೆಯದಕ್ಕೆ 288. ಕಚ್ಚಿನ ಜಾಗವೂ ಬೇರೆ, ಬೇಡುವ ವಿದ್ಯುತ್ತೂ ಬೇರೆ: ಒಂದಕ್ಕೆ 1.5 ವೋಲ್ಟ್, ಇನ್ನೊಂದಕ್ಕೆ 1.2. ಅಂಗಡಿಗೆ ಮರಳಿಸಲು ಹೋದಾಗ, ಪೊಟ್ಟಣ ಒಡೆದಿದೆಯೆಂಬ ಉತ್ತರ ಬಂತು. ಆ ಹಣ ಅವಳ ಒಂದು ತಿಂಗಳ ಊಟದ ಖರ್ಚು.

ಅಂಗಡಿಯವನನ್ನೇ ದೂರುವುದು ನ್ಯಾಯವಲ್ಲ. ರೋಗಿಯನ್ನು ಕಾಣದೆ ವೈದ್ಯನು ಔಷಧ ಕೊಡಬೇಕಾದರೆ ಹೇಗೋ, ಯಂತ್ರವನ್ನು ಕಾಣದ ವ್ಯಾಪಾರಿಯ ಸ್ಥಿತಿಯೂ ಹಾಗೆಯೇ. "ರ್‍ಯಾಮ್ ಕೊಡಿ" ಎಂದವರಿಗೆ ಅವನು ರ್‍ಯಾಮ್ ಕೊಡುತ್ತಾನೆ. ಯಾವ ರ್‍ಯಾಮ್ ಎಂಬುದನ್ನು ನಾವೇ ಹೇಳಬೇಕು.

ಹಾಗಾದರೆ ತಿಳಿಯುವುದೆಂತು? ಮೊದಲು ಯಂತ್ರದ ರೋಗವೇನೆಂದು ನೋಡತಕ್ಕದ್ದು. ವಿಂಡೋಸ್ ಇರುವ ಯಂತ್ರದಲ್ಲಿ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಎಂಬ ಮೂರು ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ದಿನನಿತ್ಯದ ಕೆಲಸ ಮಾಡುತ್ತಲೇ ಅದನ್ನು ಗಮನಿಸಬೇಕು. ಮೆಮೊರಿ ತುಂಬಿ ತುಳುಕುತ್ತಿದ್ದರೆ ರ್‍ಯಾಮ್ ಸಾಲದು. ಡಿಸ್ಕ್ ಎಂಬಲ್ಲಿ ಸದಾ ನೂರಕ್ಕೆ ನೂರು ಕಾಣುತ್ತಿದ್ದರೆ ಹಳೆಯ ಹಾರ್ಡ್ ಡಿಸ್ಕಿನ ಮೇಲೆ ಸಂಶಯಪಡಬೇಕು. ಅದು ತಿರುಗುವ ತಟ್ಟೆ. ನಿಮಿಷಕ್ಕೆ 7200 ಸುತ್ತು ತಿರುಗಿದರೂ ಬೇಕಾದ ಅಕ್ಷರವನ್ನು ಹುಡುಕಲು ಅದರ ಮುಳ್ಳು ಅತ್ತಿತ್ತ ಓಡಾಡಲೇಬೇಕು. ಎಸ್.ಎಸ್.ಡಿ.ಯಲ್ಲಿ ಚಲಿಸುವ ಅಂಗವೇ ಇಲ್ಲ. ಹೊಟ್ಟೆನೋವಿಗೆ ತಲೆಗೆ ಪಟ್ಟು ಹಾಕಿದಂತೆ, ಡಿಸ್ಕಿನ ರೋಗಕ್ಕೆ ರ್‍ಯಾಮ್ ಕೊಂಡರೆ ಫಲವೇನು?

ಎರಡನೆಯದಾಗಿ, ಒಡಲಿನಲ್ಲಿ ಏನಿದೆಯೆಂದು ಬರೆದುಕೊಳ್ಳತಕ್ಕದ್ದು. ಎಂಎಸ್‌ಇನ್ಫೋ32 ಎಂಬ ಆಜ್ಞೆಯನ್ನು ಕೊಟ್ಟರೆ ಪ್ರೊಸೆಸರಿನ ಹೆಸರು, ಮದರ್‌ಬೋರ್ಡಿನ ಹೆಸರು, ಇರುವ ರ್‍ಯಾಮ್ ಎಲ್ಲವನ್ನೂ ಯಂತ್ರ ತಾನೇ ಹೇಳುತ್ತದೆ. ಸಿಪಿಯು-ಜೆಡ್ ಎಂಬ ಉಚಿತ ತಂತ್ರಾಂಶವು ರ್‍ಯಾಮಿನ ಜಾತಿಯನ್ನೂ ತಿಳಿಸುತ್ತದೆ. ಲಿನಕ್ಸ್ ಇದ್ದರೆ ಡಿಎಂಐಡಿಕೋಡ್ ಎಂಬ ಆಜ್ಞೆ ಇದೆ. ಆದರೆ ಗರಿಷ್ಠ ಮಿತಿಯ ವಿಷಯದಲ್ಲಿ ಅದು ಹೇಳುವುದನ್ನು ಪೂರ್ಣವಾಗಿ ನಂಬಲಾಗದು. ಮದರ್‌ಬೋರ್ಡಿನ ಹೆಸರು ಸಿಕ್ಕಮೇಲೆ ಅದನ್ನು ತಯಾರಿಸಿದವರ ಕೈಪಿಡಿಯನ್ನೇ ನೋಡುವುದು ಲೇಸು. ಲ್ಯಾಪ್‌ಟಾಪ್ ಆದರೆ ಇನ್ನೂ ಎಚ್ಚರ ಬೇಕು. ಅದರ ರ್‍ಯಾಮ್ ಗಾತ್ರದಲ್ಲಿ ಚಿಕ್ಕದು. ಕೆಲವು ತೆಳು ಲ್ಯಾಪ್‌ಟಾಪುಗಳಲ್ಲಂತೂ ರ್‍ಯಾಮನ್ನು ಬೋರ್ಡಿಗೇ ಬೆಸೆದಿರುತ್ತಾರೆ, ಬದಲಾಯಿಸುವ ಮಾತೇ ಇಲ್ಲ.

ಮೂರನೆಯದಾಗಿ, ಆ ಒಡಲು ಎಷ್ಟನ್ನು ಜೀರ್ಣಿಸಿಕೊಳ್ಳಬಲ್ಲುದು ಎಂಬ ಪ್ರಶ್ನೆ. ಉದಾಹರಣೆಗೆ 2012ರಲ್ಲಿ ಬಂದ ಇಂಟೆಲ್ ಕೋರ್ ಐ3-3220 ಪ್ರೊಸೆಸರನ್ನು ಎಚ್61 ಜಾತಿಯ ಬೋರ್ಡಿನ ಮೇಲೆ ಕೂರಿಸಿದ ಯಂತ್ರವನ್ನು ತೆಗೆದುಕೊಳ್ಳೋಣ. ಅದಕ್ಕೆ ಸಲ್ಲುವುದು ಡಿ.ಡಿ.ಆರ್.3 ಮಾತ್ರ, ಸಾಮಾನ್ಯವಾಗಿ ಎರಡೇ ಕಿಂಡಿ, ಮಿತಿ 16 ಜಿ.ಬಿ. ಅದರಲ್ಲಿ 4 ಜಿ.ಬಿ.ಯ ಒಂದೇ ರ್‍ಯಾಮ್ ಇದ್ದರೆ, ಅಂಥದೇ ಇನ್ನೊಂದನ್ನು ಜೊತೆಗಿಟ್ಟರೆ ಎರಡೂ ಜೋಡೆತ್ತಿನಂತೆ ಒಟ್ಟಿಗೆ ಎಳೆಯುತ್ತವೆ. ಅದಕ್ಕೆ ಎಸ್.ಎಸ್.ಡಿ. ಕೊಳ್ಳುವುದಾದರೆ ಸಾಟಾ ಜಾತಿಯದನ್ನೇ ಕೊಳ್ಳಬೇಕು. ಎಂ.2 ಎಂಬ ಪಟ್ಟಿಯಾಕಾರದ್ದನ್ನು ತಂದರೆ ಸಿಕ್ಕಿಸುವ ಕಿಂಡಿಯೇ ಆ ಬೋರ್ಡಿನಲ್ಲಿ ಇರುವುದಿಲ್ಲ. ಎಚ್61ರ ಸಾಟಾ ಮಾರ್ಗ ಸೆಕೆಂಡಿಗೆ ಸುಮಾರು 300 ಎಂ.ಬಿ.ಗಿಂತ ಹೆಚ್ಚು ಸಾಗಿಸಲಾರದು. 550 ಎಂ.ಬಿ. ವೇಗವೆಂದು ಪೆಟ್ಟಿಗೆಯ ಮೇಲೆ ಅಚ್ಚಾಗಿರುವುದಕ್ಕೆ ಹೆಚ್ಚು ಬೆಲೆ ಕೊಡುವುದು ವ್ಯರ್ಥ. ಆದರೂ ಹಾರ್ಡ್ ಡಿಸ್ಕಿಗೆ ಹೋಲಿಸಿದರೆ ಆ ಯಂತ್ರಕ್ಕೆ ಮರುಜನ್ಮವೇ ಬಂದಂತಾಗುತ್ತದೆ.

ಗ್ರಾಫಿಕ್ಸ್ ಕಾರ್ಡಿನ ಮೋಹವುಳ್ಳವರು ವಿದ್ಯುತ್ತಿನ ಲೆಕ್ಕವನ್ನು ಮರೆಯಬಾರದು. ಬೋರ್ಡಿನ ಕಿಂಡಿಯಿಂದ ಕಾರ್ಡಿಗೆ ಸಿಗುವುದು ಹೆಚ್ಚೆಂದರೆ 75 ವ್ಯಾಟ್. ಅದಕ್ಕಿಂತ ಹೆಚ್ಚು ಬೇಡುವ ಕಾರ್ಡಿಗೆ ಬೇರೆ ತಂತಿ ಬೇಕು. ಕಚೇರಿಗಳಿಂದ ಬಂದ ಸಣ್ಣ ಯಂತ್ರಗಳಲ್ಲಿ ಅನೇಕಕ್ಕೆ ಆ ತಂತಿಯೇ ಇಲ್ಲ. ಸಿಂಗಲ್ ಫೇಸ್ ಲೈನಿರುವ ಹೊಲಕ್ಕೆ ತ್ರೀ ಫೇಸ್ ಮೋಟಾರು ತರುವವರನ್ನು ನಮ್ಮ ಊರಿನಲ್ಲಿ ಏನೆಂದು ಕರೆಯುತ್ತಾರೆಂಬುದನ್ನು ವಾಚಕರೇ ಊಹಿಸಬಹುದು.

ಪರೀಕ್ಷೆಯ ಫಲ ಕೆಲವೊಮ್ಮೆ "ಏನನ್ನೂ ಕೊಳ್ಳಬೇಡ" ಎಂಬುದೇ ಆಗಿರುತ್ತದೆ. 32 ಬಿಟ್ ವಿಂಡೋಸ್ ಇರುವ ಯಂತ್ರಕ್ಕೆ 8 ಜಿ.ಬಿ. ರ್‍ಯಾಮ್ ಹಾಕಿಸಿ ಹಿಗ್ಗುವವರುಂಟು. 32 ಬಿಟ್ಟುಗಳಿಂದ ಎಣಿಸಬಹುದಾದ ವಿಳಾಸಗಳು 429 ಕೋಟಿ 49 ಲಕ್ಷ 67 ಸಾವಿರದ 296, ಅಂದರೆ 4 ಜಿ.ಬಿ. ಅದರಾಚೆಗಿನ ರ್‍ಯಾಮ್ ಮನೆಯಲ್ಲಿದ್ದೂ ಉಣ್ಣಲಾಗದ ಅನ್ನ. ಪ್ರೊಸೆಸರ್ 64 ಬಿಟ್ಟಿನದಾಗಿದ್ದರೆ ಮೊದಲು 64 ಬಿಟ್ ವ್ಯವಸ್ಥೆಯನ್ನು ಸ್ಥಾಪಿಸಬೇಕು. ಇನ್ನು ಕೆಲವು ಯಂತ್ರಗಳು ಬರಿಯ ಧೂಳಿನಿಂದ ಬಿಸಿಯಾಗಿ ನಿಧಾನವಾಗಿರುತ್ತವೆ. ಅವಕ್ಕೆ ಬೇಕಾದುದು ಕುಂಚ, ಹಣವಲ್ಲ.

ಹೊಸದನ್ನೇ ಕೊಳ್ಳಬೇಕೆಂಬ ವಾದವೂ ಇದೆ. ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ರಂದು ಮುಗಿಯಿತು. ವಿಂಡೋಸ್ 11 ಕೇಳುವುದು ಟಿ.ಪಿ.ಎಂ. 2.0 ಎಂಬ ಭದ್ರತಾ ಅಂಗವನ್ನೂ, ಇಂಟೆಲ್ ಆದರೆ ಬಹುತೇಕ 8ನೆಯ ತಲೆಮಾರು ಅಥವಾ ಅದರಾಚೆಯ ಪ್ರೊಸೆಸರನ್ನೂ. ಮೇಲೆ ಹೇಳಿದ ಐ3 ಮೂರನೆಯ ತಲೆಮಾರಿನದು. ಎಷ್ಟು ರ್‍ಯಾಮ್ ತುಂಬಿದರೂ ಅದು ಆ ಪಟ್ಟಿಗೆ ಸೇರದು. ವಿಂಡೋಸ್ 11 ಬೇಕೇಬೇಕೆನ್ನುವವರು ಈ ಯಂತ್ರಕ್ಕೆ ಹಣ ಸುರಿಯದಿರುವುದೇ ಜಾಣತನ. ಬರವಣಿಗೆ, ಓದು, ಅಂತರ್ಜಾಲ ಇಷ್ಟೇ ಸಾಕೆನ್ನುವವರು ಲಿನಕ್ಸ್ ಹಾಕಿಕೊಂಡು ಅದೇ ಯಂತ್ರವನ್ನು ಇನ್ನೂ ಕೆಲವು ವರ್ಷ ದುಡಿಸಿಕೊಳ್ಳಬಹುದು. ಯಾವ ದಾರಿ ಹಿಡಿಯಬೇಕಾದರೂ ಯಂತ್ರದ ವಿವರ ಕೈಯಲ್ಲಿರಬೇಕು.

"ಇದೆಲ್ಲ ವಿಜ್ಞಾನದ ವಿದ್ಯಾರ್ಥಿಗಳ ವಿಷಯ, ಇತಿಹಾಸ, ಕನ್ನಡ ಓದುವ ನಮಗೇಕೆ?" ಎಂದು ಕೇಳುವವರಿದ್ದಾರೆ. ಶಾಸನದ ಸವೆದ ಅಕ್ಷರಗಳನ್ನು ಒಂದೊಂದಾಗಿ ಕೂಡಿಸಿ ಓದಲು ನಮಗೆ ಕಲಿಸಿದ್ದಾರೆ. ಒಂದು ಹಸಿರು ಬೋರ್ಡಿನ ಮೇಲಿನ ನಾಲ್ಕು ಅಕ್ಷರ, ನಾಲ್ಕು ಅಂಕಿಗಳನ್ನು ಓದಲಾರೆವೆಂದರೆ ಆ ಕಲಿಕೆಗೆ ಅರ್ಥವುಂಟೆ? ನಿಜವಾದ ಅಡ್ಡಿ ಅಜ್ಞಾನಕ್ಕಿಂತ ಹೆಚ್ಚಾಗಿ ಸಂಕೋಚವೆಂದು ನನಗೆ ತೋರುತ್ತದೆ. ಇಂಗ್ಲಿಷ್ ಪದಗಳ ಭಯ. ಕೇಳಿದರೆ ಹಳ್ಳಿಯವರೆಂದು ನಕ್ಕಾರೆಂಬ ಅಳುಕು. ಮನೆಯಲ್ಲಿ ಕೇಳಿ ತಿಳಿಯಲು ಓದಿದ ಅಣ್ಣಂದಿರಿಲ್ಲದ ನಮ್ಮಂಥವರಿಗೆ ಈ ಅಳುಕು ಇನ್ನೂ ಹೆಚ್ಚು. ಕೇಳದೆ ಸುಮ್ಮನಿದ್ದುದಕ್ಕೆ ದಂಡ ತೆರುವವರು ಮಾತ್ರ ಊರಿನಲ್ಲಿ ಕೂಲಿ ಮಾಡುವ ತಂದೆತಾಯಂದಿರು.

ಆದುದರಿಂದ ನನ್ನದೊಂದು ಸಲಹೆಯಿದೆ. ನಮ್ಮ ವಿದ್ಯಾರ್ಥಿ ಸಂಘದವರು ವರ್ಷಕ್ಕೊಮ್ಮೆ, ಒಂದು ಶನಿವಾರ ಮಧ್ಯಾಹ್ನ, ಕಂಪ್ಯೂಟರ್ ಕೊಠಡಿಯಲ್ಲಿ ಹಳೆಯ ಯಂತ್ರವೊಂದರ ಮುಚ್ಚಳ ತೆಗೆದು ಅದರ ಅಂಗಾಂಗಗಳನ್ನು ಕಿರಿಯರಿಗೆ ತೋರಿಸಲಿ. ಪ್ರೊಸೆಸರ್, ಬೋರ್ಡು, ರ್‍ಯಾಮಿನ ಜಾತಿ, ಕಿಂಡಿಗಳೆಷ್ಟು, ಗರಿಷ್ಠ ಮಿತಿಯೆಷ್ಟು, ಡಿಸ್ಕ್ ಯಾವುದು, ವಿದ್ಯುತ್ ಪೆಟ್ಟಿಗೆಯ ವ್ಯಾಟ್ ಎಷ್ಟು, ಈ ಏಳು ಸಾಲುಗಳುಳ್ಳ ಹಾಳೆಯೊಂದನ್ನು ಕನ್ನಡದಲ್ಲಿ ಅಚ್ಚು ಹಾಕಿಸಿ ಹಂಚಲಿ. ಅದನ್ನು ತುಂಬಿ ಜೇಬಿನಲ್ಲಿಟ್ಟುಕೊಂಡು ಅಂಗಡಿಗೆ ಹೋಗುವ ವಿದ್ಯಾರ್ಥಿಗೆ ವ್ಯಾಪಾರಿಯೂ ಬೇರೆ ಬಗೆಯಲ್ಲಿಯೇ ಉತ್ತರ ಕೊಡುತ್ತಾನೆ. ಈ ಕೆಲಸಕ್ಕೆ ಬೇಕಾದುದು ಒಂದು ತಿರುಪುಳಿ, ನೂರು ಹಾಳೆ ಮತ್ತು ಎರಡು ಗಂಟೆಯ ಕಾಲ. ಮುಂದಿನ ವರ್ಷ ನಾವು ಇಲ್ಲಿ ಇರುವುದಿಲ್ಲ; ಕಿರಿಯ ಮಿತ್ರರು ಇದನ್ನು ಕೈಗೆತ್ತಿಕೊಳ್ಳುವರೆಂದು ನಂಬಿದ್ದೇನೆ.