ಗಾಳಕ್ಕೆ ಶುಲ್ಕವಿಲ್ಲ, ಗಡಿಯಲ್ಲಿ ತಕ್ಕಡಿ ಇದೆ

ನಾರ್ವೆಯ ಸಮುದ್ರದಲ್ಲಿ ಹವ್ಯಾಸಕ್ಕೆ ಮೀನು ಹಿಡಿಯೋಕೆ ಲೈಸೆನ್ಸ್ ಬೇಡ, ಶುಲ್ಕವೂ ಇಲ್ಲ. ವಿದೇಶಿಯರಿಗೆ ಮುಖ್ಯವಾಗಿ ಎರಡು ಕಟ್ಟುಪಾಡು: ಕೈಯಲ್ಲಿ ಹಿಡಿಯುವ ಗಾಳವನ್ನಷ್ಟೇ ಬಳಸಬೇಕು, ಹಿಡಿದದ್ದನ್ನು ಮಾರಬಾರದು. ಕೇಳೋಕೆ ಉದಾರ. ಆದರೆ ನಿಜವಾದ ಬಿಗಿ ಇರೋದು ಕಸ್ಟಮ್ಸ್ ಗೇಟಿನಲ್ಲಿ.

2006ರಲ್ಲಿ ದೇಶದಾಚೆ ಒಯ್ಯುವ ಮೀನಿಗೆ 15 ಕೆಜಿ ಮಿತಿ ಬಂತು. 2018ರಲ್ಲಿ ನೋಂದಾಯಿತ ಮೀನುಗಾರಿಕಾ ಪ್ರವಾಸ ಸಂಸ್ಥೆಯ ಅತಿಥಿಗಳಿಗೆ 20 ಕೆಜಿ, ಉಳಿದವರಿಗೆ 10. 2021ರಲ್ಲಿ ಅದು 18 ಮತ್ತು ಸೊನ್ನೆ ಆಯಿತು. ತರ್ಕ ಸರಳ. ಇಂಥ ಸಂಸ್ಥೆಗಳು ಅತಿಥಿಗಳು ಹಿಡಿದ ಮೀನಿನ ಲೆಕ್ಕವನ್ನು ಸರ್ಕಾರಕ್ಕೆ ಕೊಡಬೇಕು. ಲೆಕ್ಕ ಸಿಗುವ ಕಡೆ ರಿಯಾಯಿತಿ, ಸಿಗದ ಕಡೆ ಬಾಗಿಲು ಬಂದ್.

ಎಂಜಿನಿಯರಿಂಗ್ ಓದಿದ ನನಗೆ ಅಳತೆಯದೇ ತಕರಾರು. ಈ ತೂಕಕ್ಕೆ ಇಡೀ ಮೀನೂ ಒಂದೇ, ಫಿಲೆಟ್ಟೂ ಒಂದೇ. ತಲೆ, ಮುಳ್ಳು ತೆಗೆದರೆ ಕಾಡ್ ಮೀನಿನಲ್ಲಿ ಉಳಿಯೋದು ಅರ್ಧಕ್ಕಿಂತ ಕಡಿಮೆ. ಅಂದರೆ 18 ಕೆಜಿ ಫಿಲೆಟ್ಟಿನ ಹಿಂದೆ 36 ಕೆಜಿಗೂ ಹೆಚ್ಚು ಮೀನಿದೆ. ಅಲ್ಲೇ ಹುರಿದು ತಿಂದದ್ದಂತೂ ತಕ್ಕಡಿಗೆ ಬರೋದೇ ಇಲ್ಲ.

ಇದು ಸಣ್ಣ ಮಾತಲ್ಲ. ಓಸ್ಲೋ ಫ್ಯೋರ್ಡ್‌ನಲ್ಲಿ ಕಾಡ್ ಎಷ್ಟು ಕುಸಿಯಿತೆಂದರೆ, 2019ರಲ್ಲಿ ಹವ್ಯಾಸಿಗಳು ಅದನ್ನು ಹಿಡಿಯೋದನ್ನೇ ನಿಷೇಧಿಸಬೇಕಾಯಿತು. ಇತ್ತ ಉತ್ತರದ ಕರಾವಳಿಯ ಸಣ್ಣ ಊರುಗಳಿಗೆ ಗಾಳ ಹಿಡಿದು ಬರುವ ಪ್ರವಾಸಿಯೇ ಒಂದು ಆದಾಯ. ಹಾಗಾಗಿ ಬಾಗಿಲು ಮುಚ್ಚಿ ಅನ್ನಲಾರೆ. ಗಡಿಯ ತಕ್ಕಡಿ ಮೀನಿನ ಕಳ್ಳಸಾಗಣೆಗೆ ಕಡಿವಾಣ ಹಾಕಬಹುದು. ಸಂತತಿ ಉಳಿಯಬೇಕಾದರೆ ‘ದಿನಕ್ಕೆ ಇಷ್ಟೇ ಮೀನು’ ಅನ್ನುವ ಮಿತಿ ದೋಣಿಯಲ್ಲೇ ಶುರುವಾಗಬೇಕು.